ಮದ್ಯಮುಕ್ತಿಗೂ ಬೇಕು ತಾಯ್ನುಡಿಯ ಸಭೆ

ಗಡಿನಾಡ ಕನ್ನಡಿಗರ ಸಮಸ್ಯೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಾಲೆ, ಅಧ್ಯಾಪಕರ ನೇಮಕಾತಿ, ಸರಕಾರಿ ಕಚೇರಿಯ ಅರ್ಜಿ ನಮೂನೆ ಇತ್ಯಾದಿ. ಇವು ಯಾವುವೂ ಸಣ್ಣ ವಿಷಯಗಳಲ್ಲ. ಆದರೆ ಯಾವ ಮನವಿಪತ್ರದಲ್ಲೂ ಸೇರದ ಇನ್ನೊಂದು ಭಾಷಾ ಸಮಸ್ಯೆ ನಮ್ಮ ಮನೆಗಳ ಒಳಗೇ ಇದೆ. ಕುಡಿತಕ್ಕೆ ದಾಸನಾದವನೊಬ್ಬ ಅದನ್ನು ಬಿಡಬೇಕೆಂದು ನಿಶ್ಚಯಿಸಿದಾಗ, ಯಾವ ಸಭೆಗೆ ಹೋಗಿ ಯಾವ ಭಾಷೆಯಲ್ಲಿ ಮನ ಬಿಚ್ಚಬೇಕು ಎಂಬುದೇ ಆ ಸಮಸ್ಯೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿಯಂಥ ಊರನ್ನು ತೆಗೆದುಕೊಳ್ಳೋಣ. 1967ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರದ ಕಾಸರಗೋಡಿನ ಜೊತೆಗೆ ಜತ್ತ ತಾಲೂಕಿನ ಹಲವು ಹಳ್ಳಿಗಳೂ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತ್ತು. ಎರಡೂ ಸೇರಲಿಲ್ಲ. ಅಲ್ಲಿ ಮನೆಮಾತು ಕನ್ನಡ, ಆಡಳಿತ ಮರಾಠಿ. ಇಲ್ಲಿ ಮನೆಮಾತು ಕನ್ನಡ ಅಥವಾ ತುಳು, ಆಡಳಿತ ಮಲಯಾಳ. ಆದುದರಿಂದ ಅವರ ಕಷ್ಟ ನಮಗೆ ಹೊಸತಲ್ಲ.

2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯಂತೆ ಮದ್ಯದ ತೊಂದರೆಗೆ ಸಹಾಯ ಬೇಕಾದವರು ದೇಶದಲ್ಲಿ 5.7 ಕೋಟಿ ಮಂದಿ. ಮದ್ಯಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿಯ ಮನೆಯವರು ಮೌನವಾಗಿ ದಿನ ದೂಡುತ್ತಿದ್ದಾರೆ.

1935ರಲ್ಲಿ ಅಮೇರಿಕದ ಆಕ್ರನ್ ನಗರದಲ್ಲಿ ಒಬ್ಬ ವ್ಯಾಪಾರಿಯೂ ಒಬ್ಬ ವೈದ್ಯನೂ, ಇಬ್ಬರೂ ಕುಡುಕರೇ, ಪರಸ್ಪರ ತಮ್ಮ ಕತೆ ಹೇಳಿಕೊಂಡು ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. 1957ರಲ್ಲಿ ಅದು ಭಾರತಕ್ಕೂ ಬಂತು. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಇಂತಹ ಸಭೆಗಳಿಗೆ ರೋಗಿಯನ್ನು ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆಯು, ಕುಡಿತದಿಂದ ಸಂಪೂರ್ಣ ದೂರವಿರಿಸುವುದರಲ್ಲಿ ಇತರ ಸಮಾಲೋಚನೆಗಳಿಗಿಂತ ಮೇಲೆಂದು 27 ಅಧ್ಯಯನಗಳನ್ನು ಒರೆಗೆ ಹಚ್ಚಿದ 2020ರ ಕಾಕ್ರೇನ್ ವಿಮರ್ಶೆ ಅಭಿಪ್ರಾಯಪಟ್ಟಿದೆ.

ಈ ವಿಧಾನದ ಬಂಡವಾಳವೆಲ್ಲ ಮಾತೇ. ಸಂತೆಯಲ್ಲಿ ಮರಾಠಿಯನ್ನೋ ಬಸ್ಸಿನಲ್ಲಿ ಮಲಯಾಳವನ್ನೋ ಸರಾಗವಾಗಿ ಆಡುವವನೂ, ಹೆಂಡತಿಯ ಕರಿಮಣಿ ಅಡವಿಟ್ಟ ಕತೆಯನ್ನು ಆ ಭಾಷೆಯಲ್ಲಿ ಹೇಳಲಾರ. ಹೇಳಿದರೂ ಅರ್ಧ ನುಂಗುತ್ತಾನೆ. ನುಂಗಿದ ಆ ಅರ್ಧವೇ ಅವನನ್ನು ಮರಳಿ ಅಂಗಡಿಗೆ ಎಳೆದೊಯ್ಯುತ್ತದೆ. ಅರ್ಜಿ ಕನ್ನಡದಲ್ಲಿ ಬರೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶವಿತ್ತಿದೆ. ಕೇಳುವ ಕಿವಿಯನ್ನು ಯಾವ ಕಾಯಿದೆಯೂ ಕೊಡಲಾರದು.

ಹಾಗಾದರೆ ಸಭೆಯನ್ನು ಆರಿಸುವುದು ಹೇಗೆ? ಮೊದಲು ಭಾಷೆ. ಅನಂತರ ಸಮಯ, ಸಭೆ ಮುಗಿದ ಮೇಲೆ ಊರಿಗೆ ಬಸ್ಸಿರಬೇಕು. ಮೂರನೆಯದು ಗುಟ್ಟು. ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ ಪಕ್ಕದ ಪೇಟೆಯ ಸಭೆಯೇ ಕೆಲವರಿಗೆ ಲೇಸು. ಜತ್ತದ ಪೂರ್ವಭಾಗದವರಿಗೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರ. ರಾಜ್ಯದ ಗಡಿ ಇದಕ್ಕೆ ಅಡ್ಡಿಯಾಗಬೇಕಾಗಿಲ್ಲ. ಒಂದು ಸಭೆ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬೇಕು. ಒಂದೇ ದಿನ ಕಂಡು ಬೇಡವೆಂದು ತೀರ್ಮಾನಿಸುವುದು ಅವಸರವಾದೀತು.

ಭಜನೆಯ ಪರಿಸರ ಹಿತವೆನ್ನುವವರಿಗೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ 8 ದಿನಗಳ ಮದ್ಯವರ್ಜನ ಶಿಬಿರಗಳಿವೆ. ಅಲ್ಲಿಂದ ಹೊರಬಂದವರನ್ನು ಒಟ್ಟಿಗಿರಿಸುವ ನವಜೀವನ ಸಮಿತಿಗಳೂ ಇವೆ. ವ್ಯವಹಾರವೆಲ್ಲ ಕನ್ನಡದಲ್ಲಿ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಏಕೆಂದರೆ 9ನೆಯ ದಿನದಿಂದಲೇ ನಿಜವಾದ ಪರೀಕ್ಷೆ. ಮನೆಯವರಿಗಾಗಿಯೂ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘವಿದೆ. ಕುಡಿಯುವವನು ಬಾರದಿದ್ದರೂ ಹೆಂಡತಿ, ತಾಯಿ ಅಲ್ಲಿಗೆ ಹೋಗಬಹುದು.

ಒಂದು ಎಚ್ಚರಿಕೆ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ, ಸನ್ನಿ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರು, ಜೊತೆಗೆ ಸಭೆ. ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಡಿ ಜಿಲ್ಲೆಗಳಲ್ಲಿ ಚಿಕಿತ್ಸಾ ಕೇಂದ್ರಗಳಿವೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಕಷ್ಟಗಳಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಕೊನೆಗೆ, ಹತ್ತಿರದಲ್ಲಿ ಕನ್ನಡ ಸಭೆಯೇ ಇಲ್ಲದಿದ್ದರೆ? ಕುಡಿತ ಬಿಡಬಯಸುವ ಇಬ್ಬರು ಮೂವರು ಕೂಡಿದರೆ ಅದೇ ಒಂದು ಗುಂಪೆಂದು ಆ ಸಂಘದ ಸಂಪ್ರದಾಯವೇ ಒಪ್ಪಿದೆ. ಇದಕ್ಕೆ ಸರಕಾರದ ಆಜ್ಞೆ ಬೇಡ, ಅನುದಾನ ಬೇಡ. ವಾರಕ್ಕೊಂದು ಸಂಜೆ ಒಂದು ಕೋಣೆ, ನಾಲ್ಕು ಕುರ್ಚಿ ಸಾಕು. ನಮ್ಮ ವಾಚನಾಲಯಗಳು, ಯುವಕ ಸಂಘಗಳು, ಶಾಲೆಗಳು ಅಷ್ಟನ್ನು ಕೊಡಲಾರವೇ? ಬಾಗಿಲು ತೆರೆದುಕೊಟ್ಟು, ಒಳಗೆ ಯಾರು ಬಂದರೆಂದು ಕೇಳದೆ ಇರುವುದಷ್ಟೇ ಅವುಗಳ ಕೆಲಸ. ಕನ್ನಡ ಉಳಿಯಬೇಕೆನ್ನುವ ನಾವು, ಕನ್ನಡದಲ್ಲಿ ಅಳುವವನಿಗೂ ಒಂದು ಜಾಗವಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕಾಗಿದೆ.