ತೂಕ ಇಳಿದರೂ ಉಳಿಯುವ ಚರ್ಮ

ಸಕಲೇಶಪುರದಿಂದ ಘಟ್ಟ ಇಳಿಯುವ ರೈಲೇ ಎಡಕುಮೇರಿಗೆ ಮುಖ್ಯ ದಾರಿ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಕಡೆ ಮಣ್ಣು ಕುಸಿದು ಆ ದಾರಿಯೂ ದಿನಗಟ್ಟಲೆ ಮುಚ್ಚಿತ್ತು. ಇಂಥ ಕಡೆಯವರು ಶಸ್ತ್ರಚಿಕಿತ್ಸೆಗೆ ಹೊರಡುವಾಗ ನಂತರದ ದಿನಗಳನ್ನೂ ಲೆಕ್ಕ ಹಾಕಬೇಕು.

ಬಹಳ ತೂಕ ಇಳಿಸಿದವರ ಹೊಟ್ಟೆ, ತೋಳು, ತೊಡೆಗಳಲ್ಲಿ ಚರ್ಮ ಜೋತುಬೀಳುತ್ತದೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಕೊಲಾಜನ್, ಇಲಾಸ್ಟಿನ್ ಎಳೆಗಳು ಹಳೆಯ ರಬ್ಬರಿನಂತೆ ಬಿಗುವು ಕಳೆದುಕೊಂಡಿರುತ್ತವೆ. ವ್ಯಾಯಾಮದಿಂದ ಸ್ನಾಯು ಬಲಿಯುತ್ತದೆಯೇ ಹೊರತು ಈ ಚರ್ಮ ಕುಗ್ಗದು. ಮಡಿಕೆಗಳಲ್ಲಿ ಬೆವರು ನಿಂತು, ಮಲೆನಾಡಿನ ತೇವಕ್ಕೆ ಶಿಲೀಂಧ್ರ ಬೆಳೆದು, ತುರಿಕೆ, ಹುಣ್ಣು ಆಗುವುದುಂಟು. ಹೆಚ್ಚುವರಿ ಚರ್ಮವನ್ನು ಕತ್ತರಿಸಿ ಹೊಲಿಯುವುದು ಇದಕ್ಕೆ ಚಿಕಿತ್ಸೆ. ತೂಕ ಇಳಿಸುವ ಉಪಾಯವಲ್ಲ.

ಅದಕ್ಕೆ ಮುಂಚೆ ಕನಿಷ್ಠ 6 ತಿಂಗಳು ತೂಕ ಒಂದೇ ಸಮನೆ ಇರಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆಗಳ ಪರೀಕ್ಷೆ ಆಗಬೇಕು. ಬೀಡಿ, ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿದರೆ ಗಾಯದ ಅಂಚಿಗೆ ರಕ್ತ ಸಾಲದೆ ಚರ್ಮ ಸಾಯಬಹುದು. ಗಾಯ ಮಾಯಲು ಪ್ರೋಟೀನ್ ಬೇಕು: ಬೇಳೆ, ಹುರುಳಿ, ಮೊಟ್ಟೆ.

ಆಮೇಲೆ, ಗಾಯದೊಳಗಿನ ದ್ರವ ಹರಿಯಲು ಇಟ್ಟ ಕೊಳವೆ ತೆಗೆಯುವವರೆಗಾದರೂ ಹಾಸನದಲ್ಲೋ ಮಂಗಳೂರಿನಲ್ಲೋ, ಆಸ್ಪತ್ರೆಗೆ ಹತ್ತಿರವೇ ಉಳಿಯುವುದು ಲೇಸು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಬೇಗನೆ ಎದ್ದು ಮೆಲ್ಲಗೆ ನಡೆಯಬೇಕು. ಸುಮಾರು 6 ವಾರ ಭಾರ ಎತ್ತಬಾರದು. ಜ್ವರ, ಕೀವು, ಮೀನಖಂಡದ ಊತ, ಏದುಸಿರು ಕಂಡರೆ ಕೂಡಲೇ ವೈದ್ಯರ ಬಳಿ ಹೋಗಬೇಕು.

ಹೊಲಿಗೆಯ ಗೆರೆ ಪೂರ್ತಿ ಅಳಿಯದು. ಮಾಸಲು ವರ್ಷವಾದರೂ ಬೇಕು. ಮಳೆಗಾಲ ಕಳೆದ ಮೇಲೆ ದಿನ ಗೊತ್ತುಮಾಡಿಕೊಂಡರೆ ರೈಲಿನ ಚಿಂತೆಯಾದರೂ ತಪ್ಪೀತು.