ಕೇಕ್ ಮಾಡೋ ವೈರ್‌ಮನ್‌ಗೆ ಹೆಣ್ಣು ಕೊಡ್ತೀರಾ?

ಹೆಣ್ಣು ನೋಡೋ ಶಾಸ್ತ್ರದಲ್ಲಿ ಕಾಫಿ ಲೋಟ ಬರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. ‘ಹುಡುಗ ಏನ್ ಕೆಲಸ ಮಾಡ್ತಾನೆ?’ ‘ಸರ್ಕಾರಿ ನೌಕರಿ’ ಅಂದರೆ ಜಾತಕ ತಾನಾಗೇ ಕೂಡಿಬರುತ್ತದೆ. ‘ಬೆಂಗಳೂರಲ್ಲಿ ಸಾಫ್ಟ್‌ವೇರ್’ ಅಂದರೆ ಉಪ್ಪಿಟ್ಟಿನ ಜೊತೆ ಕೇಸರಿಬಾತೂ ಬರುತ್ತದೆ. ‘ಊರಲ್ಲೇ ವೈರಿಂಗ್ ಕೆಲಸ’ ಅಂದರೆ ‘ಆಮೇಲೆ ಫೋನ್ ಮಾಡ್ತೀವಿ’ ಅನ್ನುವ ಉತ್ತರ. ಆ ಫೋನ್ ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ‘ಹುಡುಗನಿಗೆ ಅಡುಗೆ ಬರುತ್ತಾ?’

ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳುವ ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ ಇವತ್ತು ಹೇಳಬೇಕು. ಹೆಸರು ‘ರೋಸಲಿನ್ ಪಾಮರ್ ಟೇಕ್ಸ್ ದಿ ಕೇಕ್’. ಬರೆದವರು ಅಲೆಕ್ಸಿಸ್ ಹಾಲ್, ಬಂದದ್ದು 2021ರಲ್ಲಿ. ಟಿವಿಯ ಅಡುಗೆ ಸ್ಪರ್ಧೆಯಲ್ಲಿ ನಡೆಯುವ ನಗೆ ತುಂಬಿದ ಪ್ರೇಮಕತೆ. ‘ಇಂಗ್ಲೆಂಡಿನ ಕೇಕಿನ ಕತೆ ನಮಗ್ಯಾಕೆ?’ ಅಂತ ಸ್ಕ್ರಾಲ್ ಮಾಡಬೇಡಿ. ಮೇಲ್ನೋಟಕ್ಕೆ ಅದು ಕೇಕಿನ ಕತೆ. ಒಳಗಿರುವುದು ಯಾವ ಕೆಲಸಕ್ಕೆ ಮರ್ಯಾದೆ, ಯಾವ ಕೆಲಸಕ್ಕೆ ಇಲ್ಲ ಅನ್ನುವ ಕತೆ. ಅದು ನಮ್ಮೂರಿನದೂ ಹೌದು.

ಕತೆ ಏನು?

ರೋಸಲಿನ್ ಪಾಮರ್ ಸ್ಥಿತಿವಂತರ ಮನೆ ಮಗಳು. ಅಪ್ಪನೂ ಡಾಕ್ಟರ್, ಅಮ್ಮನೂ ಡಾಕ್ಟರ್. ಮಗಳೂ ಡಾಕ್ಟರ್ ಆಗಬೇಕು ಅಂತ ಕೇಂಬ್ರಿಜ್‌ಗೆ ಕಳಿಸಿರುತ್ತಾರೆ. ಓದುವಾಗಲೇ ಅವಳು ಬಸುರಿಯಾಗುತ್ತಾಳೆ, ಓದು ಬಿಡುತ್ತಾಳೆ. ಈಗ ಎಂಟು ವರ್ಷದ ಮಗಳು ಅಮೆಲಿಯನ್ನು ಒಬ್ಬಳೇ ಸಾಕುತ್ತಿದ್ದಾಳೆ. ಪೆನ್ನು, ಪುಸ್ತಕ ಮಾರುವ ಅಂಗಡಿಯಲ್ಲಿ ಕೆಲಸ. ಸಂಬಳ ಸಾಲದು, ಕಷ್ಟ ಬಂದರೆ ಅಪ್ಪ ಅಮ್ಮನ ಮುಂದೆ ಕೈ ಚಾಚಬೇಕು. ಕೊಡುವಾಗ ಅವರು ದುಡ್ಡಿನ ಜೊತೆ ಒಂದೆರಡು ಮಾತನ್ನೂ ಸೇರಿಸಿಯೇ ಕೊಡುತ್ತಾರೆ.

ಅವಳಿಗೆ ಚೆನ್ನಾಗಿ ಬರುವ ಒಂದು ಕೆಲಸ ಅಂದರೆ ಕೇಕ್, ಬ್ರೆಡ್ಡು, ಬಿಸ್ಕತ್ತು ಮಾಡುವುದು. ಟಿವಿಯ ‘ಬೇಕ್ ಎಕ್ಸ್‌ಪೆಕ್ಟೇಶನ್ಸ್’ ಅನ್ನುವ ಸ್ಪರ್ಧೆಗೆ ಆಯ್ಕೆಯಾಗುತ್ತಾಳೆ. ಅಲ್ಲಿಗೆ ಹೋಗುವ ದಾರಿಯಲ್ಲೇ ರೈಲು ತಪ್ಪಿ, ಅದೇ ಸ್ಪರ್ಧೆಗೆ ಹೊರಟಿದ್ದ ಅಲೆನ್ ಅನ್ನುವವನ ಪರಿಚಯವಾಗುತ್ತದೆ. ಶ್ರೀಮಂತರ ಬಂಗಲೆ ತೋಟಗಳನ್ನು ವಿನ್ಯಾಸ ಮಾಡುವ ಆರ್ಕಿಟೆಕ್ಟ್, ನಯವಾದ ಮಾತು. ಅವನ ಮುಂದೆ ತಾನು ಚಿಕ್ಕವಳಾಗಿ ಕಾಣಬಾರದು ಅಂತ ರೋಸಲಿನ್ ಸುಳ್ಳು ಹೇಳುತ್ತಾಳೆ: ‘ನಾನು ಮೆಡಿಕಲ್ ಓದ್ತಾ ಇದೀನಿ.’

ಅದೇ ಸ್ಪರ್ಧೆಯಲ್ಲಿ ಹ್ಯಾರಿ ಅನ್ನುವವನೂ ಇದ್ದಾನೆ. ನಮ್ಮ ಭಾಷೆಯಲ್ಲಿ ವೈರ್‌ಮನ್. ನೋಡೋಕೆ ಚೆನ್ನಾಗಿದ್ದಾನೆ, ಆದರೆ ನಾಚಿಕೆ ಸ್ವಭಾವ. ಅವನ ಇಂಗ್ಲಿಷು ಕಾಲೇಜಿನದಲ್ಲ, ಬೀದಿಯದು. ಬಾಯಿ ತೆರೆದರೆ ಯಾವ ಕೇರಿಯವನು ಅಂತ ಗೊತ್ತಾಗಿಬಿಡುತ್ತದೆ. ಮಂಡ್ಯದ ಹುಡುಗ ಬೆಂಗಳೂರಿನ ಆಫೀಸಿನಲ್ಲಿ ‘ಯಾಕ್ಲಾ’ ಅಂದರೆ ಸುತ್ತ ಇದ್ದವರು ತಿರುಗಿ ನೋಡುತ್ತಾರಲ್ಲ, ಹಾಗೆ.

ಇಬ್ಬರಲ್ಲಿ ಅವಳು ಯಾರ ಕೈ ಹಿಡಿಯುತ್ತಾಳೆ ಅಂತ ನೀವು ಈಗಾಗಲೇ ಊಹಿಸಿರುತ್ತೀರಿ. ಈ ಥರದ ಕತೆಯಲ್ಲಿ ಕೊನೆ ಎಲ್ಲರಿಗೂ ಗೊತ್ತು, ಅದಕ್ಕೇ ಓದುವುದು. ಅಲ್ಲಿಗೆ ಹೇಗೆ ತಲುಪುತ್ತಾಳೆ ಅನ್ನುವುದೇ ರುಚಿ.

ಗೆದ್ದರೆ ಒಂದು ತಟ್ಟೆ

ಈ ಕತೆಯ ಹಿಂದೆ ಇರುವ ನಿಜವಾದ ಕಾರ್ಯಕ್ರಮ ‘ಗ್ರೇಟ್ ಬ್ರಿಟಿಷ್ ಬೇಕ್ ಆಫ್’. 2010ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು, 2017ರಿಂದ ಚಾನೆಲ್ 4ರಲ್ಲಿ ಬರುತ್ತಿದೆ. ದೊಡ್ಡ ಬಂಗಲೆಯ ಹುಲ್ಲುಹಾಸಿನ ಮೇಲೆ ಬಿಳಿ ಟೆಂಟು. ಒಳಗೆ ಸಾಲು ಸಾಲು ಓವನ್ನು. ಅಡುಗೆಯನ್ನೇ ಕಸುಬು ಮಾಡಿಕೊಂಡವರಿಗೆ ಪ್ರವೇಶ ಇಲ್ಲ, ಮನೆಯಲ್ಲಿ ಮಾಡುವವರಿಗೆ ಮಾತ್ರ. ವಾರಾಂತ್ಯದಲ್ಲಿ ಶೂಟಿಂಗ್, ಉಳಿದ ದಿನ ಅವರವರ ಕೆಲಸ. ವಾರಕ್ಕೊಬ್ಬರು ಮನೆಗೆ. ಗೆದ್ದವರಿಗೆ ಲಕ್ಷಗಟ್ಟಲೆ ದುಡ್ಡಿಲ್ಲ, ಕೇಕ್ ಇಡುವ ಒಂದು ಗಾಜಿನ ತಟ್ಟೆ ಮತ್ತು ಹೂಗುಚ್ಛ, ಅಷ್ಟೇ.

ಆದರೂ ಜನ ಅದಕ್ಕಾಗಿ ಕಣ್ಣೀರು ಹಾಕುತ್ತಾರೆ. ಯಾಕೆ? ಮನೆಯೊಳಗೆ ಯಾರೂ ಲೆಕ್ಕಕ್ಕಿಡದ ಕೆಲಸವನ್ನು ಅಲ್ಲಿ ಇಡೀ ದೇಶ ಕೂತು ನೋಡುತ್ತದೆ. 2015ರಲ್ಲಿ ಗೆದ್ದ ನಾದಿಯಾ ಹುಸೇನ್ ಬಾಂಗ್ಲಾದೇಶ ಮೂಲದ ಕುಟುಂಬದ ಹೆಣ್ಣುಮಗಳು, ಮೂರು ಮಕ್ಕಳ ತಾಯಿ, ಗೃಹಿಣಿ. ಮರುವರ್ಷ ರಾಣಿ ಎಲಿಜಬೆತ್‌ರ 90ನೇ ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಟ್ಟವರು ಅವರೇ. ಆಮೇಲೆ ಪುಸ್ತಕ ಬರೆದರು, ಟಿವಿ ಕಾರ್ಯಕ್ರಮ ನಡೆಸಿಕೊಟ್ಟರು.

ನಮ್ಮ ಕನ್ನಡ ಟಿವಿಯಲ್ಲೂ ಅಡುಗೆಗೆ ಜಾಗ ಇದೆ. ‘ಒಗ್ಗರಣೆ ಡಬ್ಬಿ’ಯ ಮುರಳಿ, ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ಗೊತ್ತಿಲ್ಲದ ಮನೆ ಕಡಿಮೆ. ಊಟದ ಸುತ್ತ ಹೆಣೆದ ಪ್ರೇಮಕತೆಯೂ ನಮಗೆ ಹೊಸದಲ್ಲ, 2014ರಲ್ಲಿ ಪ್ರಕಾಶ್ ರೈ ‘ಒಗ್ಗರಣೆ’ ಸಿನಿಮಾ ಮಾಡಿದ್ದರು. ಗಮನಿಸಿ, ಈ ಮೂರರಲ್ಲೂ ಮುಂದೆ ಕಾಣುವವರು ಗಂಡಸರು. ಹೋಟೆಲ್ ಭಟ್ಟರು ಗಂಡಸರು. ಮದುವೆ ಮನೆ ಕೊಪ್ಪರಿಗೆ ಮುಂದೆ ನಿಲ್ಲುವವರು ಹೆಚ್ಚಾಗಿ ಗಂಡಸರು. ಊರೂರಿಗೂ ಕೇಕು, ಬನ್ನು ತಂದ ಹಾಸನದ ಕಡೆಯ ಅಯ್ಯಂಗಾರ್ ಬೇಕರಿಗಳ ಒಲೆ ಮುಂದೆ ನಿಂತವರೂ ಹೆಚ್ಚಾಗಿ ಗಂಡಸರೇ. ಅಂದರೆ ಗಂಡಸಿಗೆ ಅಡುಗೆ ಬರಲ್ಲ ಅನ್ನುವುದು ಶುದ್ಧ ಸುಳ್ಳು. ಸಂಬಳ ಇದ್ದರೆ, ಚಪ್ಪಾಳೆ ಇದ್ದರೆ ಬರುತ್ತದೆ. ಮನೆಯಲ್ಲಿ ಎರಡೂ ಇಲ್ಲ, ಅದಕ್ಕೇ ಬರುವುದಿಲ್ಲ.

ಇದು ಬರೀ ಬಾಯಿಮಾತಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು 100ಕ್ಕೆ 81, ಗಂಡಸರು 100ಕ್ಕೆ 26. ಕೆಲಸ ಮಾಡುವವರನ್ನೇ ಲೆಕ್ಕ ಹಾಕಿದರೂ ಹೆಂಗಸು ದಿನಕ್ಕೆ 299 ನಿಮಿಷ, ಗಂಡಸು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ ದುಡಿಮೆಗೆ ಗಾಜಿನ ತಟ್ಟೆಯೂ ಇಲ್ಲ, ಹೂವೂ ಇಲ್ಲ. ‘ಉಪ್ಪು ಜಾಸ್ತಿ ಆಯ್ತು’ ಅನ್ನುವ ತೀರ್ಪು ಮಾತ್ರ ದಿನಾ ತಪ್ಪುವುದಿಲ್ಲ.

ತಿದ್ದಿಕೊಳ್ಳುವ ಗಂಡು

ಕಾದಂಬರಿಗೆ ಬರೋಣ. ಹ್ಯಾರಿ ನನಗೆ ಇಷ್ಟವಾದದ್ದು ಅವನು ಬಡವರ ಕಡೆಯವನು ಅಂತಲ್ಲ. ಬಡವ ಅಂದಮೇಲೆ ಒಳ್ಳೆಯವನೇ ಇರಬೇಕು ಅನ್ನುವುದು ಹಳೇ ಸಿನಿಮಾದ ಲೆಕ್ಕ. ಹ್ಯಾರಿ ಇಷ್ಟವಾಗುವುದು ಒಂದು ಸಣ್ಣ ವಿಷಯಕ್ಕೆ. ಅವನ ಕಡೆಯ ಗಂಡಸರು ಗುರುತಿಲ್ಲದ ಹೆಂಗಸರನ್ನೂ ‘ಲವ್’ ಅಂತ ಕರೆಯುವುದು ವಾಡಿಕೆ. ಅವನೂ ರೋಸಲಿನ್‌ಳನ್ನು ಹಾಗೇ ಕರೆಯುತ್ತಾನೆ. ನನಗೆ ಹಾಗೆ ಕರೆಸಿಕೊಳ್ಳೋದು ಹಿಡಿಸಲ್ಲ ಅಂತ ಅವಳು ಹೇಳುತ್ತಾಳೆ. ಅವನು ವಾದಕ್ಕೆ ನಿಲ್ಲುವುದಿಲ್ಲ. ಆಮೇಲೂ ಬಾಯಿ ತಪ್ಪುತ್ತದೆ, ತಾನೇ ತಡೆದುಕೊಳ್ಳುತ್ತಾನೆ, ತಿದ್ದಿಕೊಳ್ಳುತ್ತಾನೆ.

ಅಲೆನ್‌ಗೆ ಇಂಥ ತಪ್ಪು ಆಗುವುದೇ ಇಲ್ಲ, ಮಾತೆಲ್ಲ ಸೊಗಸು. ಆದರೆ ಹ್ಯಾರಿಯ ಬಗ್ಗೆ ಹಗುರವಾಗಿ ಮಾತಾಡುತ್ತಾನೆ. ರೋಸಲಿನ್‌ಳ ಸುಳ್ಳು ಹೊರಬಿದ್ದ ಮೇಲೆ ಕ್ಷಮಿಸಿದಂತೆ ಮಾಡಿ, ಆ ಕ್ಷಮೆಯನ್ನು ಅವಳ ತಲೆ ಮೇಲೆ ಸಾಲದ ಹಾಗೆ ಹೊರಿಸುತ್ತಾನೆ. ಓದಿದವನ ಒರಟುತನಕ್ಕೆ ಸದ್ದಿರುವುದಿಲ್ಲ, ಅದಕ್ಕೇ ಗುರುತು ಹಿಡಿಯುವುದು ಕಷ್ಟ. ರೋಸಲಿನ್‌ಗೂ ತಡವಾಗುತ್ತದೆ. ಹ್ಯಾರಿಯನ್ನು ಮೊದಮೊದಲು ಅವಳೂ ಕೀಳಾಗಿಯೇ ಕಾಣುತ್ತಾಳೆ. ಡಾಕ್ಟರ್ ಮನೆಯ ಮಗಳು, ಆ ಕನ್ನಡಕ ಅವಳ ಮೂಗಿನ ಮೇಲೂ ಇದೆ.

ಅಪ್ಪ ಅಮ್ಮನ ವಿಚಾರದಲ್ಲಂತೂ ಈ ಪುಸ್ತಕ ನಮ್ಮ ಮನೆಗಳನ್ನೇ ನೋಡಿ ಬರೆದಂತಿದೆ. ಅವರು ಕೆಟ್ಟವರಲ್ಲ. ಮಗಳು ಮತ್ತೆ ಮೆಡಿಕಲ್‌ಗೆ ಸೇರಲಿ ಅನ್ನುವುದೇ ಅವರ ಹಂಬಲ. ಅವಳು ಮಾಡುವ ಕೇಕು ಅವರಿಗೆ ಹೊತ್ತು ಕಳೆಯುವ ಆಟ. ನಮ್ಮಲ್ಲಿ ನೀಟ್ ಫಲಿತಾಂಶ ಬಂದ ದಿನ ಎಷ್ಟು ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನಿಮಗೇ ಗೊತ್ತು. ‘ಡಾಕ್ಟರ್ ಆಗಲಿಲ್ಲ’ ಅನ್ನುವುದು ಒಂದು ವಿಷಯ ಅಷ್ಟೇ. ಅದನ್ನು ‘ಏನೂ ಆಗಲಿಲ್ಲ’ ಅಂತ ಮಾಡುವುದು ನಾವು. ಕಾದಂಬರಿಯಲ್ಲಿ ನನಗೆ ದೊಡ್ಡ ಗೆಲುವಾಗಿ ಕಂಡದ್ದು ಟೆಂಟಿನೊಳಗಿನ ಯಾವ ಸ್ಪರ್ಧೆಯೂ ಅಲ್ಲ. ಅಪ್ಪ ಅಮ್ಮನ ಮುಂದೆ ನಿಂತು ‘ನಾನು ಡಾಕ್ಟರ್ ಆಗಲ್ಲ’ ಅನ್ನುವಷ್ಟು ಧೈರ್ಯ ಅವಳಿಗೆ ಬರುತ್ತದಲ್ಲ, ಅದು.

ಮಾದಪ್ಪನಿಗೆ ಹೊತ್ತ ಹರಕೆ

2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೋದದ್ದು ನೆನಪಿರಬಹುದು. ಮೂವತ್ತು ದಾಟಿದರೂ ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪ ದಾರಿ ತೋರಿಸಲಿ ಅನ್ನುವ ಹರಕೆ. ಟಿವಿಯವರು ತೋರಿಸಿದರು, ಮೊಬೈಲಿನಲ್ಲಿ ಜನ ನಕ್ಕರು. ನಗುವ ವಿಷಯ ಅಲ್ಲ ಅದು. ನೆಲ ನಂಬಿದವನಿಗೆ, ಕೈ ಕೆಲಸ ನಂಬಿದವನಿಗೆ ಬೆಲೆ ಇಲ್ಲ ಅನ್ನುವ ನೋವು ನಿಜವಾದದ್ದು.

ಆದರೆ ಆ ಕತೆಗೆ ಇನ್ನೊಂದು ಮಗ್ಗುಲಿದೆ. ಹುಡುಗಿಯರು ‘ಹಳ್ಳಿ ಬೇಡ’ ಅನ್ನುವಾಗ ಬೇಡ ಅನ್ನುತ್ತಿರುವುದು ಹೊಲವನ್ನು ಮಾತ್ರವಾ? ಬೆಳಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿ, ಹಾಲು ಕರೆದು, ಎಲ್ಲರಿಗೂ ಮುದ್ದೆ ತೊಳೆಸಿ ಬಡಿಸಿ, ತಾನು ಕಡೆಯಲ್ಲಿ ಉಣ್ಣುವ ಬಾಳನ್ನೂ ಬೇಡ ಅನ್ನುತ್ತಿದ್ದಾರೆ. ತಮ್ಮ ಅವ್ವಂದಿರು ಆ 299 ನಿಮಿಷ ಹೇಗೆ ದುಡಿದರು ಅಂತ ಕಣ್ಣಾರೆ ಕಂಡವರು ಅವರು. ಅವರಿಗೆ ಸೊಕ್ಕು ಅನ್ನುವುದು ಸುಲಭ. ಅವರ ಲೆಕ್ಕ ತಪ್ಪು ಅಂತ ತೋರಿಸಿಕೊಡುವುದು ಕಷ್ಟ.

ಹ್ಯಾರಿಗೆ ಹುಡುಗಿ ಒಲಿದದ್ದು ಅವನು ವೈರ್‌ಮನ್ ಆಗಿದ್ದರೂ ಅಲ್ಲ, ವೈರ್‌ಮನ್ ಆಗಿದ್ದಕ್ಕೂ ಅಲ್ಲ. ಅವನು ಹಿಟ್ಟು ನಾದಬಲ್ಲ, ಹೇಳಿದ್ದನ್ನು ಕೇಳಿಸಿಕೊಳ್ಳಬಲ್ಲ ಅನ್ನುವುದಕ್ಕೆ. ನಮ್ಮ ಹುಡುಗರು ಮಾದಪ್ಪನ ಬೆಟ್ಟ ಹತ್ತಲಿ, ಬೇಡ ಅನ್ನುವುದಿಲ್ಲ. ಇಳಿದು ಬಂದ ಮೇಲೆ ಒಂದು ಸಾರು, ಒಂದು ಪಲ್ಯ, ಸುಡದ ಹಾಗೆ ಒಂದು ರೊಟ್ಟಿ ಕಲಿಯಲಿ. ದೇವರು ಹೆಣ್ಣು ಕೊಡಿಸಬಹುದು. ಬಂದವಳು ಉಳಿಯುವುದು ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ.

ಪುಸ್ತಕದಲ್ಲಿ ಹಿಡಿಸದ್ದು

ಎಲ್ಲವನ್ನೂ ಮೆಚ್ಚಿಕೊಂಡು ಓದಿದೆ ಅನ್ನಲಾರೆ. ಅಲೆನ್‌ನ ಬಣ್ಣ ಓದುವವರಿಗೆ ಬೇಗ ಗೊತ್ತಾಗುತ್ತದೆ, ರೋಸಲಿನ್‌ಗೆ ಮಾತ್ರ ಪುಟಗಟ್ಟಲೆ ಗೊತ್ತಾಗುವುದಿಲ್ಲ. ಹ್ಯಾರಿ ಕೆಲವು ಕಡೆ ತುಂಬಾನೇ ಒಳ್ಳೆಯವನು. ಕಾರ್ಯಕ್ರಮದ ನಿರ್ಮಾಪಕಿಯ ಬೈಗುಳ ಮೊದಲು ನಗು ತರಿಸಿದರೂ ಆಮೇಲೆ ಸಾಕೆನಿಸುತ್ತದೆ.

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ರೋಸಲಿನ್‌ಗೆ ಗಂಡಸರ ಮೇಲೂ ಹೆಂಗಸರ ಮೇಲೂ ಪ್ರೀತಿ ಹುಟ್ಟಬಲ್ಲದು. ಅವಳ ಆಪ್ತ ಗೆಳತಿ ಲಾರೆನ್ ಒಂದು ಕಾಲದಲ್ಲಿ ಅವಳ ಪ್ರೇಯಸಿ. ಇದನ್ನು ಓದಿ ಮುಖ ಸಿಂಡರಿಸುವವರು ಇರುತ್ತಾರೆ. ಕಾದಂಬರಿ ಅದನ್ನು ದೊಡ್ಡದು ಮಾಡುವುದಿಲ್ಲ, ಅವಳ ಕಣ್ಣಿನ ಬಣ್ಣದಷ್ಟೇ ಸಹಜವಾಗಿ ಹೇಳುತ್ತದೆ. ‘ಇವಳು ಅಂಥವಳು, ಹಾಗಾಗಿ ಎಲ್ಲದಕ್ಕೂ ಒಪ್ಪುತ್ತಾಳೆ’ ಅಂತ ಅಲೆನ್ ಅಂದುಕೊಳ್ಳುವ ಜಾಗದಲ್ಲಿ ಮಾತ್ರ ನಗು ನಿಲ್ಲುತ್ತದೆ. ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದರಿಂದ ಅವರ ಒಪ್ಪಿಗೆಯನ್ನು ಊಹಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆ ಅಧ್ಯಾಯಗಳನ್ನು ಕಾಲೇಜು ಹುಡುಗರು ಓದಲೇಬೇಕು.

ಇಂಗ್ಲಿಷು ಸುಲಭ, ಮಾತುಕತೆಯಲ್ಲೇ ಕತೆ ಓಡುತ್ತದೆ. ಕೇಕುಗಳ ಹೆಸರು ಗೊತ್ತಾಗದಿದ್ದರೆ ಬಿಟ್ಟು ಮುಂದೆ ಹೋಗಿ, ನಷ್ಟವಿಲ್ಲ. ಇಂಥ ಕತೆಯನ್ನು ನಮ್ಮವರೇ ಯಾರಾದರೂ ನಮ್ಮ ನೆಲದ ಮೇಲೆ ಬರೆಯಲಿ ಅನ್ನುವುದು ನನ್ನಾಸೆ. ಹೋಳಿಗೆ ಸ್ಪರ್ಧೆ ಇರಲಿ, ಲೈನ್‌ಮನ್ ಒಬ್ಬ ಹೀರೊ ಇರಲಿ.

ಅಲ್ಲಿಯವರೆಗೆ, ಹೆಣ್ಣು ಹೆತ್ತವರಿಗೆ ಒಂದು ಮಾತು. ಮುಂದಿನ ಸಲ ಯಾರಾದರೂ ಮಗಳನ್ನು ನೋಡಲು ಬಂದರೆ ಹುಡುಗನ ಸಂಬಳ ಕೇಳಿ, ತಪ್ಪಿಲ್ಲ. ಜೊತೆಗೆ ‘ಏನಪ್ಪ, ಸಾರು ಮಾಡೋಕೆ ಬರುತ್ತಾ?’ ಅಂತಲೂ ಕೇಳಿ. ಅವನು ನಕ್ಕರೆ ಅವನ ಅಮ್ಮನ ಮುಖ ನೋಡಿ. ಉತ್ತರ ಅಲ್ಲಿರುತ್ತದೆ.