ಹೊಗಳಿಕೆಯೂ ಬಾಯಿ ಕಟ್ಟುತ್ತದೆ

ಮನುಷ್ಯ ಹಸಿವಾದರೆ ಕೇಳಿ ಉಣ್ಣುತ್ತಾನೆ, ಬಾಯಾರಿದರೆ ಕೇಳಿ ಕುಡಿಯುತ್ತಾನೆ. ಮನಸ್ಸು ನೊಂದಾಗ ಮಾತ್ರ ಅವನ ನಾಲಿಗೆ ಏಳುವುದಿಲ್ಲ. ಹೇಳಲಾಗದ ಆ ನೋವು ಸುಮ್ಮನಿರುತ್ತದೆಯೇ? ದೇಹದ ಭಾಷೆಯಲ್ಲಿ ಹೊರಗೆ ಬರುತ್ತದೆ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ತ್ರಾಣವಿಲ್ಲ ಎಂದು ವೈದ್ಯರ ಮುಂದೆ ಕುಳಿತುಕೊಳ್ಳುತ್ತೇವೆ. ರಕ್ತ ಪರೀಕ್ಷೆ, ಇಸಿಜಿ ಎಲ್ಲವೂ ಆಗಿ 'ನಿಮಗೇನೂ ಇಲ್ಲ' ಎಂಬ ಉತ್ತರ ಸಿಗುತ್ತದೆ. ಏನೂ ಇಲ್ಲ ಎಂದ ಮೇಲೆ ಇನ್ನು ಹೇಳುವುದಾದರೂ ಏನನ್ನು!

ಮೈಸೂರಿನ ವಿಜಯನಗರದ ಒಬ್ಬ ತಾಯಿಯ ವಿಷಯ ಹೇಳಬೇಕು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಮಾವನವರಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ಆರು ವರ್ಷ. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಮೂರು ಸಲ ಎದ್ದು ನೋಡುವುದು ಎಲ್ಲವೂ ಆಕೆಯ ಪಾಲಿಗೆ. ನೆಂಟರಿಷ್ಟರ ಬಾಯಲ್ಲಿ ಒಂದೇ ಮಾತು: 'ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು.'

ಒಂದು ದಿನ ಆಕೆ ನಮ್ಮಲ್ಲಿಗೆ ಬಂದು, 'ಬುದ್ಧೀ, ಒಂದು ಮಾತು ಹೇಳಬೇಕಿತ್ತು' ಎಂದರು. ಸುತ್ತ ಹತ್ತಾರು ಜನ ಕುಳಿತಿದ್ದರು. ಆಕೆ ಬಾಯಿ ತೆರೆಯುವ ಮೊದಲೇ ನಾವು ಅವರೆಲ್ಲರ ಕಡೆ ತಿರುಗಿ, 'ಸೇವೆ ಎಂದರೆ ಏನೆಂದು ಈ ತಾಯಿಯನ್ನು ನೋಡಿ ಕಲಿಯಿರಿ' ಎಂದುಬಿಟ್ಟೆವು. ಆಕೆ ಕೈಮುಗಿದು, ಹೂ ಹಣ್ಣು ಇಟ್ಟು ಹೊರಟು ಹೋದರು. ಹೇಳಬೇಕಿದ್ದ ಮಾತು ಏನೆಂದು ಕೇಳುವುದು ನಮಗೆ ಹೊಳೆಯಲೇ ಇಲ್ಲ.

ಎರಡು ತಿಂಗಳ ಬಳಿಕ ತಿಳಿಯಿತು. ಒಂದು ಮಧ್ಯಾಹ್ನ ಆಕೆ ಮಾವನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದರಂತೆ. ಗಂಡ ಹುಡುಕಿಕೊಂಡು ಬಂದಾಗ, 'ಒಳಗೆ ಹೋಗಲು ಕಾಲು ಬರುತ್ತಿಲ್ಲ' ಎಂದರಂತೆ. ಆಮೇಲೆ ನಮ್ಮಲ್ಲಿಗೆ ಬಂದಾಗ ಆಕೆ ಹೇಳಿದ್ದಿಷ್ಟು: 'ಮಾವ ಬೇಗ ಹೋಗಲಿ ಅಂತ ಮನಸ್ಸಿಗೆ ಬಂದುಬಿಡುತ್ತಿತ್ತು ಬುದ್ಧೀ. ಎಲ್ಲರೂ ದೇವತೆ ಅನ್ನುವಾಗ ಇದನ್ನು ಯಾರ ಹತ್ತಿರ ಹೇಳಲಿ?'

ಬೈಗುಳ ಬಾಯಿ ಕಟ್ಟಿಸುತ್ತದೆ ಎಂದು ನಾವು ಬಲ್ಲೆವು. ಹೊಗಳಿಕೆ ಅದಕ್ಕಿಂತ ಬಿಗಿಯಾಗಿ ಕಟ್ಟಿಸುತ್ತದೆ ಎಂಬುದನ್ನು ಆ ತಾಯಿ ನಮಗೆ ಕಲಿಸಿದರು. ಬೈಸಿಕೊಂಡವನು ತಿರುಗಿ ಒಂದು ಮಾತಾಡಿಯಾನು. ಹೊಗಳಿಸಿಕೊಂಡವರು 'ನನಗೆ ಸಾಕಾಗಿದೆ' ಎನ್ನುವಂತಿಲ್ಲ. ಹೊಗಳುವ ನಮಗೋ, ಅದು ಬಹಳ ಅಗ್ಗದ ಬಾಬತ್ತು. ಒಂದು ರಾತ್ರಿ ಆ ರೋಗಿಯ ಪಕ್ಕ ಕೂರುವುದಕ್ಕಿಂತ ಸೊಸೆಯನ್ನು ದೇವತೆ ಎನ್ನುವುದು ಸುಲಭವಲ್ಲವೇ?

ಮನಸ್ಸನ್ನು ಅರಿಯುವ ವಿದ್ಯೆಗೆ ಮೈಸೂರಿನಲ್ಲಿ ಕೊರತೆಯೇನಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದವರು ಲಂಡನ್ನಿನಲ್ಲಿ ಕಲಿತು ಬಂದ ಪ್ರೊ. ಎಂ.ವಿ. ಗೋಪಾಲಸ್ವಾಮಿ. ಅವರೇ 1935ರಲ್ಲಿ ವಾಣಿವಿಲಾಸ ಮೊಹಲ್ಲಾದ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರಿನಲ್ಲಿ ನಡೆಸಿದರು. ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ಆ ಮನೆ ಇದ್ದ ಪ್ರದೇಶಕ್ಕೂ ವಿಜಯನಗರಕ್ಕೂ ಹೆಚ್ಚು ದೂರವಿಲ್ಲ. ಮನಸ್ಸಿನ ಅಧ್ಯಾಪಕರು ದನಿಯನ್ನು ದೂರಕ್ಕೆ ಕಳಿಸುವ ಕೆಲಸ ಹಿಡಿದದ್ದು ನಮಗೆ ಸೋಜಿಗದ ಸಂಗತಿ. ಆದರೆ ಬಾನುಲಿ ನುಡಿಯುತ್ತದೆ, ಕೇಳುವವರು ತಿರುಗಿ ನುಡಿಯುವಂತಿಲ್ಲ. ನಮ್ಮ ಎಷ್ಟೋ ಮನೆಗಳೂ ಹಾಗೆಯೇ ಆಗಿವೆ. ನಮ್ಮಂಥವರ ಪ್ರವಚನವೂ ಅದಕ್ಕೆ ಹೊರತಲ್ಲ.

ವಿಜಯನಗರ ಹಂತಹಂತವಾಗಿ ಬೆಳೆದ ಬಡಾವಣೆ. ಅಗಲ ರಸ್ತೆ, ಸಾಲುಮರ, ಎತ್ತರದ ಕಾಂಪೌಂಡು. ಊರಿನ ಜಗುಲಿ ಇಲ್ಲಿಲ್ಲ. ಜನವರಿ 1ರಂದು ಯೋಗಾನರಸಿಂಹಸ್ವಾಮಿ ದೇವಸ್ಥಾನದ ಲಾಡು ಪ್ರಸಾದಕ್ಕೆ ಹೆಗಲಿಗೆ ಹೆಗಲು ತಾಗಿಸಿ ಗಂಟೆಗಟ್ಟಲೆ ನಿಲ್ಲುವವರಿಗೆ, ಪಕ್ಕದ ಮನೆಯ ಗೇಟಿನೊಳಗೆ ಯಾರು ನಿದ್ದೆಗೆಟ್ಟಿದ್ದಾರೆಂಬುದು ತಿಳಿಯದು. ಜಗುಲಿಯಿದ್ದ ಕಾಲದಲ್ಲಿ ಎಲ್ಲವೂ ಸರಿಯಿತ್ತೆಂದೂ ಅಲ್ಲ. ಅಲ್ಲಿ ಕುಳಿತು ಆಡಿಕೊಳ್ಳುವವರೂ ಇದ್ದರು.

ಆ ತಾಯಿಗೆ ಉಪದೇಶ ಬೇಕಿರಲಿಲ್ಲ. ಬೇಕಿದ್ದುದು ನಿದ್ದೆ, ಬಿಡುವು ಮತ್ತು ಬೆಚ್ಚಿಬೀಳದೆ ಕೇಳುವ ಒಂದು ಕಿವಿ. ಆಕೆಗೆ ಬಂದಂಥ ಯೋಚನೆ ದೀರ್ಘಕಾಲ ರೋಗಿಯ ಆರೈಕೆ ಮಾಡುವವರಲ್ಲಿ ಅಪರೂಪವಲ್ಲ, ಅದು ದುಷ್ಟತನವೂ ಅಲ್ಲ, ಬಳಲಿಕೆ ಎಂದು ಮನೋವೈದ್ಯರು ವಿವರಿಸಿದ ಮೇಲೆ ಆಕೆ ಬಹಳ ಹೊತ್ತು ಅತ್ತರಂತೆ. ಕೆಲವು ತಿಂಗಳು ಔಷಧಿಯೂ ನಡೆಯಿತು. ವೈದ್ಯರ ಬಾಗಿಲಿಗೆ ಹೋಗಲು ಅಂಜುವವರಿಗೆ 2022ರಿಂದ ಸರ್ಕಾರದ ಟೆಲಿ ಮಾನಸ್ ದೂರವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಔಷಧಿಗಿಂತ ಕಷ್ಟವಾದದ್ದು ಮನೆಯವರನ್ನು ಒಪ್ಪಿಸುವುದು. ಗಂಡನಿಗೆ ತಂದೆಯ ಮೈ ಒರೆಸಲು ಸಂಕೋಚ, ನಾದಿನಿಗೆ ಪುರುಸೊತ್ತಿಲ್ಲ. ಈ ಸಲ ನಾವು ಯಾರನ್ನೂ ಹೊಗಳಲಿಲ್ಲ. ಆರು ವರ್ಷಕ್ಕೆ ಎಷ್ಟು ರಾತ್ರಿಗಳೆಂದು ಲೆಕ್ಕ ಹಾಕಿ ಎಂದೆವು. ಎರಡು ಸಾವಿರ ದಾಟಿತು. ಗಂಡ ತಲೆ ತಗ್ಗಿಸಿ ಕುಳಿತರು.

ಈಗ ವಾರಕ್ಕೆ ಎರಡು ರಾತ್ರಿ ಗಂಡನ ಪಾಳಿ, ತಿಂಗಳಿಗೆ ನಾಲ್ಕು ದಿನ ನಾದಿನಿಯದು. ಭಾನುವಾರ ಮಧ್ಯಾಹ್ನ ಆ ತಾಯಿ ಅದೇ ಕಲ್ಲುಬೆಂಚಿಗೆ ಹೋಗಿ ಕೂರುತ್ತಾರಂತೆ. ಬಾಗಿಲಿಗೆ ಬೀಗ ಹಾಕುವುದಿಲ್ಲ. ಒಳಗೆ ಮಗ ಅಪ್ಪನಿಗೆ ಪೇಪರು ಓದಿ ಹೇಳುತ್ತಿರುತ್ತಾನೆ.